ಅಪ್ಪನ ಬಲಗಿವಿ

“ಅಂಕಲ್, ಕಿವಿ ಚುಚ್ಚಿದ ಗುರುತೂ ಇಡ್ಲಾ?”

ಮೇಣದಲ್ಲಿ ಮಾಡಿದ ಕಿವಿಯನ್ನು ಅಪ್ಪನ ಕೆನ್ನೆಯ ಪಕ್ಕ ಹಿಡಿದು ವಸುಧಾ ಕೇಳಿದಳು. ಆಪರೇಷನ್ನಿನಲ್ಲಿ ಬಲಗಿವಿ ಕಳೆದುಕೊಂಡ ಮೇಲೆ ಅಪ್ಪ ಕನ್ನಡಕಕ್ಕೆ ದಾರ ಕಟ್ಟಿ, ಮಫ್ಲರ್ ಸುತ್ತಿಕೊಂಡೇ ಓಡಾಡುತ್ತಿದ್ದರು. ಕೃತಕ ಕಿವಿ ಮಾಡುವವರು ಜೆ.ಪಿ. ನಗರದಲ್ಲಿದ್ದಾರೆಂದು ಡಾಕ್ಟರು ಕಳಿಸಿದರೆ, ಅಲ್ಲಿದ್ದವಳು ಶಿಲ್ಪಕಲೆಯ ಕ್ಲಾಸಿನಲ್ಲಿ ನನ್ನ ಪಕ್ಕ ನಿಂತು ಮಣ್ಣು ಕಲಸುತ್ತಿದ್ದ ವಸುಧಾ. ಅಂಗಡಿ ಬೊಂಬೆ, ಸಿನಿಮಾ ಸೆಟ್ಟು ಎಲ್ಲ ಮಾಡಿ ಈ ಕೆಲಸಕ್ಕೆ ಬಂದಳಂತೆ.

ಅವಳು ಕಣ್ಣು ಮುಚ್ಚಿ ಅಪ್ಪನ ಎಡಗಿವಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ನಮ್ಮ ಮೇಷ್ಟ್ರು ಕಲಿಸಿದ ಕ್ರಮ ಅದು. ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಗುತ್ತದೆ ಎನ್ನುತ್ತಿದ್ದರು. ನನ್ನ ಹೆಬ್ಬೆರಳೂ ತನ್ನಷ್ಟಕ್ಕೇ ಬ್ಯಾಗಿನ ಪಟ್ಟಿಯನ್ನು ಸವರುತ್ತಿತ್ತು. ನಾನು ಒಂದೇ ವರ್ಷ ಓದಿ ಬಿಟ್ಟವಳು. “ಮಣ್ಣು ಮೆತ್ಕೊಂಡ್ರೆ ಯಾವ ಕೆಲಸ ಸಿಗತ್ತೆ?” ಎಂದು ಅಪ್ಪ ಬಿ.ಕಾಂ.ಗೆ ಸೇರಿಸಿದ್ದರು.

ಅಪ್ಪ ಎಡಗಿವಿಯ ಹಾಲೆಯನ್ನು ಮುಟ್ಟಿಕೊಂಡರು. “ಇಡಮ್ಮ. ನಮ್ಮಮ್ಮ ಚುಚ್ಚಿಸಿದ್ದು” ಎಂದರು.

ಈಗ ನನ್ನ ಜೊತೆ ಯಡಿಯೂರು ಕೆರೆ ಸುತ್ತುವಾಗ ಆ ಕಿವಿ ಕೃತಕವೆಂದು ಯಾರಿಗೂ ತಿಳಿಯುವುದಿಲ್ಲ. ಅಪ್ಪನೇ ಕನ್ನಡಕ ತೆಗೆದು ವಾಕಿಂಗ್ ಗೆಳೆಯರಿಗೆ ತೋರಿಸುತ್ತಾರೆ. “ನನ್ನ ಮಗಳ ಕ್ಲಾಸ್‌ಮೇಟ್ ಮಾಡಿದ್ದು. ಇವಳೂ ಅದನ್ನೇ ಓದ್ತಿದ್ಲು” ಎನ್ನುತ್ತಾರೆ. ಮತ್ತೆ ಯಾಕೆ ಬಿಟ್ಟಳು ಎಂದು ಯಾರಾದರೂ ಕೇಳಿದರೆ ಮಾತ್ರ ಅಪ್ಪನ ನಡಿಗೆ ಜೋರಾಗುತ್ತದೆ.