ಆ ವರ್ಷ ತೆನೆ ತಂದವಳು ನಾನು

ಪಾಕಿಸ್ತಾನದೊಂದಿಗೆ ಯುದ್ಧವಾದ ಅರವತ್ತೈದರಲ್ಲಿ ಆಲೆಟ್ಟಿಯ ನಮ್ಮ ಮನೆಯಲ್ಲಿದ್ದದ್ದು ಅತ್ತೆ, ನಾನು, ನನ್ನ ಎರಡು ವರ್ಷದ ಮಗಳು. ಗಂಡ ಸೈನ್ಯದಲ್ಲಿ. ಪುತ್ತೂರಿನ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು ಕುಳಿತು ಬೆಳೆದವಳು ನಾನು. ಗದ್ದೆಯನ್ನೂ ಹಾಗೆಯೇ ನಡೆಸಿದೆ. ಐದಕ್ಕೆ ಏಳುವುದು, ಆರಕ್ಕೆ ಗದ್ದೆಯ ನೀರು ನೋಡುವುದು, ಏಳಕ್ಕೆ ಕೆಲಸದವರಿಗೆ ಗಂಜಿ. ಉತ್ತವರು ಆಳುಗಳು. ಭತ್ತದ ನೇಜಿ ನೆಟ್ಟದ್ದು, ಕಳೆ ಕಿತ್ತದ್ದು, ಬದು ಕಟ್ಟಿದ್ದು ಅವರ ಹೆಂಗಸರ ಜೊತೆ ನಾನು. ನಮ್ಮ ಪೈರು ಕೆಳಗಿನ ಮನೆಯದ್ದಕ್ಕಿಂತ ಗೇಣು ಎತ್ತರವಿತ್ತು.

ನಾವು ಹೊಸತು ಎನ್ನುವ ಹೊಸ ಅಕ್ಕಿ ಊಟದ ದಿನ ಹತ್ತಿರ ಬಂತು. ಅಂದು ಮನೆಯ ಯಜಮಾನ ಮುಂಜಾನೆ ಮೊದಲ ತೆನೆ ಕೊಯ್ದು ತಲೆಯ ಮೇಲಿಟ್ಟು ತರಬೇಕು, ಮನೆಯ ಹೆಂಗಸು ಅವನ ಕಾಲಿಗೆ ನೀರೆರೆದು ಒಳಗೆ ಕರೆಯಬೇಕು. ನಮ್ಮ ಯಜಮಾನರ ಕಾಗದ ಬಾರದೆ ಆರು ವಾರವಾಗಿತ್ತು.

ಹಿಂದಿನ ದಿನ ಕೆಳಗಿನ ಮನೆಯ ಭಾವ, ಅಂದರೆ ನನ್ನ ಗಂಡನ ಅಣ್ಣ, ಜಗಲಿಯಲ್ಲಿ ಕುಳಿತು ಅತ್ತೆಗೆ ಹೇಳಿದರು: "ಅವ್ವಾ, ಈ ವರ್ಷ ಹೊಸತು ಬೇಡ. ಅವನದ್ದು ಎಂತ ಸುದ್ದಿಯೂ ಇಲ್ಲ. ಸೂತಕ ಉಂಟಾದರೆ ಎಂತ ಮಾಡುದು?"

ಆ ಮಾತಿಗೆ ನಾನು ಒಳಗಿನಿಂದ ಹೊರಗೆ ಬಂದೆ. ಹೊಸತು ನಿಲ್ಲಿಸಿದರೆ ಅವರು ಸತ್ತರೆಂದು ನಾವೇ ಒಪ್ಪಿದಂತೆ.

"ಹಾಗೇನಾದರೂ ಆದರೆ ಮಿಲಿಟರಿಯವರು ತಂತಿ ಕೊಡ್ತಾರೆ ಭಾವ. ತಂತಿ ಬರ್ಲಿಲ್ಲ. ನಾಳೆ ತೆನೆ ಬರ್ತದೆ."

"ಯಾರು ತರುದು? ನೀನಾ?"

"ನೆಟ್ಟದ್ದು ನಾನಲ್ವಾ?"

"ಹಾಗಾದರೆ ಒಂದು ಮೀಸೆಯೂ ಇಟ್ಕೊ ಮಾರಾಯ್ತಿ!"

ಅತ್ತೆ ಎಲೆಯಡಿಕೆ ಜಗಿಯುತ್ತಲೇ ಇದ್ದರು.

ಬೆಳಿಗ್ಗೆ ಮಿಂದು ಗದ್ದೆಗಿಳಿದೆ. ತೆನೆ ಕೊಯ್ದು ತಲೆಯ ಮೇಲಿಟ್ಟುಕೊಂಡು ಬದುವಿನಲ್ಲಿ ನಡೆದು ಬಂದೆ. ಭಾವ ತಮ್ಮ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ತಲೆಯ ಮೇಲಿನ ತೆನೆ ಅಲುಗಲಿಲ್ಲ. ಆದರೆ ನೀರೆರೆಯುವವರು ಯಾರೆಂದು ನಾನು ಯೋಚಿಸಿಯೇ ಇರಲಿಲ್ಲ. ಮನೆಯಲ್ಲಿದ್ದ ಹೆಂಗಸೆಂದರೆ ಅತ್ತೆ. ಸೊಸೆಯ ಕಾಲಿಗೆ ಅತ್ತೆ ನೀರೆರೆದದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

ಅವರು ಗಿಂಡಿ ಹಿಡಿದು ಮೆಟ್ಟಿಲಿಳಿದು ಬಂದರು. "ಕಾಲು ಮುಂದೆ ಇಡು. ನನಗೆ ಬಗ್ಗಲಿಕ್ಕೆ ಆಗುದಿಲ್ಲ" ಎಂದರು, ಕೆಳಗಿನ ಮನೆಗೂ ಕೇಳುವಷ್ಟು ಗಟ್ಟಿಯಾಗಿ.

ಎರಡು ವಾರ ಕಳೆದು ಗಂಡನ ಕಾಗದ ಬಂತು. ಮರುವರ್ಷ ಅವರು ಹೊಸತಿಗೆ ಸರಿಯಾಗಿ ರಜೆಯಲ್ಲಿ ಬಂದರು. "ತೆನೆಗೆ ನಾನು ಹೋಗ್ತೇನೆ" ಎಂದಾಗ ಅತ್ತೆ, "ಗದ್ದೆ ಮಾಡಿದವಳು ತರ್ತಾಳೆ. ನೀನು ಬಚ್ಚಲ ಒಲೆಗೆ ಬೆಂಕಿ ಹಾಕು" ಎಂದರು.

ನಾನು ಮೀಯಲು ಹೋದಾಗ ಹಂಡೆಯ ನೀರು ಕಾದಿತ್ತು.