ಬೆಳ್ಳಿ ಬಣ್ಣ ಬಳಿದ ಹೊಗೆ ಪೈಪು

ಆಗ ನಮ್ಮ ಕಡೆ ಆಯಿಲ್ ಎಂಜಿನ್ ಇಟ್ಟವರಿಗೆಲ್ಲ ಒಂದು ಹುಚ್ಚಿತ್ತು. ಹೊಗೆ ಪೈಪಿನ ತುದಿಯ ಸೈಲೆನ್ಸರನ್ನು ಬಿಚ್ಚಿ ಎಸೆಯುವುದು. ಅದಿದ್ದರೆ ಸದ್ದು ಅಡಗುತ್ತದೆ. ಸದ್ದು ಅಡಗಿದರೆ ಇಂಥವರ ಬಾವಿಯಲ್ಲಿ ಎಂಜಿನ್ ಓಡುತ್ತಿದೆ ಎಂದು ಪಕ್ಕದ ಊರಿಗೆ ತಿಳಿಯುವುದು ಹೇಗೆ? ಕೈವಾರದ ದಾರಿಯಲ್ಲಿರುವ ನಮ್ಮೂರಿನಲ್ಲಿ ಮೂರು ಎಂಜಿನ್ನುಗಳಿದ್ದವು. ಎರಡು ಹಗಲೆಲ್ಲ ನಾಯಿಗಳ ಹಾಗೆ ಬೊಗಳುತ್ತಿದ್ದವು. ಮೂರನೆಯದು ನಮ್ಮದು. ನನ್ನ ತಮ್ಮ ಸೈಲೆನ್ಸರ್ ಬಿಚ್ಚಲು ಬಿಡುತ್ತಿರಲಿಲ್ಲ. ಆ ಅವಮಾನಕ್ಕೆ ನನಗೆ ಅನ್ನ ಸೇರುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಜಂಬಪಡಲು ಆ ಸದ್ದು ಬಿಟ್ಟರೆ ಬೇರೇನಿತ್ತು?

ಎಂಜಿನ್ ಓಡಿಸುತ್ತಿದ್ದವನು ತಮ್ಮನೇ. ಬಾವಿಯ ನೀರು ತೀರಾ ಕೆಳಗಿದ್ದುದರಿಂದ ಮೇಲಿಟ್ಟರೆ ಪಂಪು ಎಳೆಯುತ್ತಿರಲಿಲ್ಲ. ಅದಕ್ಕೆ ಅರ್ಧ ಆಳದಲ್ಲಿ ಬಾವಿಯ ಗೋಡೆಯನ್ನೇ ಗವಿಯ ಹಾಗೆ ಕೊರೆಸಿ ಎಂಜಿನ್ನನ್ನು ಅದರೊಳಗೆ ಕೂರಿಸಿದ್ದೆವು. ಇಬ್ಬರು ನಿಂತರೆ ಮೈಗೆ ಮೈ ತಾಗುವಷ್ಟು ಜಾಗ. ಹೊಗೆಯನ್ನು ಹೊರಗೆ ಹಾಕುವ ಕಬ್ಬಿಣದ ಪೈಪು ಅಲ್ಲಿಂದ ಗೋಡೆಯ ಕೊಂಡಿಗಳನ್ನು ಹಿಡಿದು ಏರಿ ಬಾವಿಯ ಬಾಯಿ ದಾಟುತ್ತಿತ್ತು. ತಮ್ಮ ಅದಕ್ಕೆ ಮಾಡುತ್ತಿದ್ದ ಉಪಚಾರ ಒಂದೆರಡಲ್ಲ. ಜೋಡಣೆಗಳಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತುತ್ತಿದ್ದ, ಮಸಿ ಕಟ್ಟಿದರೆ ಬಿಚ್ಚಿ ಉದ್ದನೆಯ ಕಂಬಿಯಿಂದ ಕೆರೆಯುತ್ತಿದ್ದ, ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ.

"ಏನೋ, ಎಮ್ಮೆ ಗಬ್ಬ ನೋಡ್ತಿದ್ದೀಯಾ?" ಅನ್ನುತ್ತಿದ್ದೆ.

"ನಗು ನಗು. ಒಳಗಿಂದ ತಿಂದ್ಹೋಗಿದೆ ಕಣಣ್ಣ ಇದು. ತಟ್ಟಿದ್ರೆ ಒಡ್ದ ಮಡಕೆ ಥರ ಅನ್ತದೆ. ಹೊಗೆ ಗವಿಯೊಳಕ್ಕೆ ಬಂದ್ರೆ ಅಲ್ಲಿರೋನು ಎದ್ದು ಬರಲ್ಲ."

ಅವನ ಕಾಟ ತಡೆಯಲಾರದೆ ಚಿಂತಾಮಣಿಯಿಂದ ಹೊಸ ಪೈಪುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದೆವು. ಅಷ್ಟರಲ್ಲಿ, ನನಗೆ ಹೆಣ್ಣು ಕೊಡುವವರು ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಮನೆ ನೋಡಲು ಬಂದವರು ನಮ್ಮಲ್ಲಿ ಮನೆಯನ್ನೇನೂ ನೋಡುವುದಿಲ್ಲ, ನೆಟ್ಟಗೆ ಬಾವಿಯ ಹತ್ತಿರ ಹೋಗುತ್ತಾರೆ.

ತಮ್ಮ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೊರಟಿದ್ದ. "ನಾನು ಬರೋಗಂಟ ಎಂಜಿನ್ ಮುಟ್ಬೇಡ. ಬಂದ್ಮೇಲೆ ಇಬ್ರೂ ಸೇರಿ ಪೈಪ್ ಬದಲಾಯಿಸಣ," ಎಂದು ಹೇಳಿ ಹೋದ.

ಬದಲಾಯಿಸುವುದೆಂದರೆ ಎಂಜಿನ್ ಬಿಚ್ಚಿ ಬಿದ್ದಿರುತ್ತದೆ. ತುಕ್ಕು ಹಿಡಿದ ಬೋಲ್ಟುಗಳು ಯಾವಾಗ ಬರುತ್ತವೋ ದೇವರಿಗೇ ಗೊತ್ತು. ನೆಂಟರು ಬಂದಾಗ ಬಾವಿಯಲ್ಲಿ ಮೂಕ ಎಂಜಿನ್! ನನ್ನ ಮಹಾಬುದ್ಧಿಗೆ ಉಪಾಯ ಹೊಳೆಯಿತು. ಹೊಸ ಪೈಪುಗಳನ್ನು ಹುಲ್ಲಿನ ಬಣವೆಯ ಹಿಂದೆ ಮುಚ್ಚಿಟ್ಟೆ. ಹಳೆಯದರ ತೂತುಗಳಿಗೆ ಗೋಣಿಚೂರು ಸುತ್ತಿ, ಜೇಡಿಮಣ್ಣು ಮೆತ್ತಿ, ಒಣಗಿದ ಮೇಲೆ ಬುಡದಿಂದ ತುದಿಯವರೆಗೆ ಬೆಳ್ಳಿ ಬಣ್ಣ ಬಳಿದೆ. ಸೈಲೆನ್ಸರನ್ನೂ ಬಿಚ್ಚಿದೆ. ದೂರ ನಿಂತು ನೋಡಿ ಮೀಸೆ ತಿರುವಿಕೊಂಡೆ.

ತಮ್ಮ ಬಂದಾಗ ನೆಂಟರು ಆಗಲೇ ಬಾವಿಯ ಹತ್ತಿರ ನಿಂತಿದ್ದರು. ಹೆಣ್ಣಿನ ತಂದೆ, ಜೊತೆಗೆ ಅವರ ಮುದುಕಿ ಅಕ್ಕ. ಆಕೆಯನ್ನು ಗಡಿಯಾಚೆ ಕೊಟ್ಟಿದ್ದರಿಂದ ಮಾತಿಗೊಂದು ತೆಲುಗು. ತಮ್ಮ ಬಗ್ಗಿ ನೋಡಿ ಹುಬ್ಬೇರಿಸಿದ.

"ಹಾಕ್ಬಿಟ್ಯಾ? ಒಬ್ನೇನಾ?"

"ಮತ್ತೆ? ಈ ಮನೇಲಿ ನೀನೊಬ್ನೇನಾ ಗಂಡ್ಸು? ಇಳ್ದು ಸ್ಟಾರ್ಟ್ ಮಾಡು ಹೋಗೋ," ಅಂದೆ.

ಇಳಿದ. ಸ್ವಲ್ಪ ಹೊತ್ತು ಕೆಳಗಿನಿಂದ ಏನೂ ಕೇಳಲಿಲ್ಲ. "ಏನೋ, ನಿದ್ದೆ ಹೊಡೀತಿದ್ದೀಯಾ?" ಎಂದು ನೆಂಟರನ್ನು ನಗಿಸಲು ಕೂಗಿದೆ. ಆಮೇಲೆ ಎಂಜಿನ್ ಎದ್ದಿತು. ಎಂಥ ಸದ್ದು! ಪೈಪಿನ ಬಾಯಿಂದ ಗುಂಡು ಹಾರಿದ ಹಾಗೆ. ತೊಟ್ಟಿಗೆ ನೀರು ಧುಮುಕಿತು. ನಾನು ಹೆಣ್ಣಿನ ತಂದೆಯ ಕಿವಿಯ ಹತ್ತಿರ ಬಾಯಿಟ್ಟು, ಹಿಪ್ಪುನೇರಳೆ ತೋಟಕ್ಕೆ ಎಷ್ಟು ನೀರು, ಆಲೂಗಡ್ಡೆಗೆ ಎಷ್ಟು ಎಂದು ಕಿರುಚುತ್ತಲೇ ಇದ್ದೆ. ನೀರು ಬಿದ್ದ ಮೇಲೆ ತಮ್ಮ ಹತ್ತಿ ಬರಬೇಕಿತ್ತು. ಅದು ನನಗೆ ನೆನಪಾಗಲಿಲ್ಲ.

ನೆನಪಾದದ್ದು ಮುದುಕಿಗೆ. "ಏಮಪ್ಪಾ, ಕೆಳಕ್ಕಿಳಿದೋನು ಇಂಕಾ ರಾಲೇದೇ? ಇನ್ನೂ ಬರ್ಲಿಲ್ವಲ್ಲ!"

ಬಗ್ಗಿದರೆ ಗವಿಯ ಬಾಯಿಂದ ಹೊಗೆ ಸುರುಳಿಸುರುಳಿಯಾಗಿ ಬರುತ್ತಿತ್ತು. ತಮ್ಮನ ಎರಡು ಪಾದ ಮಾತ್ರ ಕಾಣುತ್ತಿದ್ದವು, ಅಲುಗಾಡುತ್ತಿರಲಿಲ್ಲ.

ಇಳಿದವನು ನಾನಲ್ಲ. ಹೊಸ ಪಂಚೆ ಉಟ್ಟಿದ್ದೆ, ಹೊಗೆಯ ಭಯವೂ ಇತ್ತು. ನನ್ನನ್ನು ತಡೆದದ್ದು ಯಾವುದೆಂದು ಇವತ್ತಿಗೂ ಬಿಡಿಸಿ ಹೇಳಲಾರೆ. ಹೆಣ್ಣಿನ ತಂದೆ ಟವಲನ್ನು ತೊಟ್ಟಿಯಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದರು. ಎಂಜಿನ್ ನಿಂತಿತು. ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದರು. ನಾನು ಕೊನೆಯ ಮೆಟ್ಟಿಲಲ್ಲಿ ಕೈ ಕೊಟ್ಟೆ. ಅಷ್ಟು ದೊಡ್ಡ ಕೆಲಸ ಮಾಡಿದೆ.

ಬೇವಿನ ಮರದ ಕೆಳಗೆ ಮಲಗಿಸಿ ಗಾಳಿ ಹಾಕಿದೆವು. ಬಹಳ ಹೊತ್ತಿನ ಮೇಲೆ ತಮ್ಮ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. ಹತ್ತುವಾಗ ಪೈಪು ಹಿಡಿದಿದ್ದ ಹೆಣ್ಣಿನ ತಂದೆಯ ಅಂಗೈ ಬೊಬ್ಬೆ ಎದ್ದಿತ್ತು. ಅದರ ತುಂಬ ಬೆಳ್ಳಿ ಬಣ್ಣ, ಸುಟ್ಟ ಜೇಡಿಮಣ್ಣು.

"ಹೊಗೆ ಪೈಪಿಗೆ ಮಣ್ ಮೆತ್ತಿರೋ ಪುಣ್ಯಾತ್ಮ ಯಾರಪ್ಪಾ?" ಎಂದರು.

ನಾನು ಬಗ್ಗಿ ಹೊಸ ಪಂಚೆಯ ಧೂಳು ಕೊಡವಿಕೊಂಡೆ.

"ನಾನೇ," ಅಂದ ತಮ್ಮ, ಮಲಗಿದಲ್ಲಿಂದಲೇ.

ಸಂಬಂಧ ಕುದುರಿತು. ಹೆಣ್ಣಿನ ತಂದೆ ಹೇಳಿದ್ದು ಒಂದೇ ಮಾತು. "ನಿನ್ ತಮ್ಮನ್ ಕೈಗೆ ಎಂಜಿನ್ ಕೊಡ್ಬೇಡಪ್ಪ. ನಾಳೆ ನನ್ ಮಗಳೂ ಆ ಬಾವಿ ಹತ್ರ ಓಡಾಡೋಳೇ. ಜವಾಬ್ದಾರಿ ಇರೋನು, ನೀನೇ ನೋಡ್ಕೊ." ಜವಾಬ್ದಾರಿ ಇರುವವನು 'ಆಗಲಿ' ಎಂದು ತಲೆಯಾಡಿಸಿದ.

ಅವರು ಹೋದ ಮೇಲೆ ತಮ್ಮನನ್ನು ಕೇಳಿದೆ. "ಯಾಕೋ ಹಂಗಂದೆ?"

"ಇಳಿದ್ಮೇಲೆ ಗೊತ್ತಾಯ್ತು, ಹಳೇದೇ ಅಂತ. ಮೇಲೆ ನೆಂಟ್ರು ನಿಂತವ್ರೆ. ಸ್ಟಾರ್ಟ್ ಮಾಡಲ್ಲ ಅಂದಿದ್ರೆ ನಿನ್ ಮುಖ ಎಲ್ಲಿಡ್ತಿದ್ದೆ? ಒಂಚೂರು ಓಡ್ಸಿ ಬಂದ್ಬಿಡಣ ಅನ್ಕೊಂಡೆ. ಪಂಪು ಸೋರ್ತಿತ್ತು, ಬಿಗಿ ಮಾಡಕ್ಕೆ ಬಗ್ಗಿದೆ. ಅಷ್ಟೇ ಗೊತ್ತು."

ಆಗಲಾದರೂ ಹೆಣ್ಣಿನ ಮನೆಗೆ ಹೋಗಿ ನಿಜ ಹೇಳಬಹುದಿತ್ತು. ಬಸ್ಸಿತ್ತು, ಕಾಲಿತ್ತು, ನಾಲಿಗೆಯೂ ಇತ್ತು. ಹೋಗಲಿಲ್ಲ.

ಹೊಸ ಪೈಪು ಹಾಕಿದವನು ನಾನು, ಎಂದರೆ ನನ್ನ ಎರಡು ಕೈ. ತಲೆನೋವು ಬಿಡದ ತಮ್ಮ ತಲೆಗೆ ಬಟ್ಟೆ ಬಿಗಿದುಕೊಂಡು ಬಾವಿಯ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ. "ಬೋಲ್ಟಿಗೆ ಸೀಮೆಎಣ್ಣೆ ಬಿಡು, ನೆನೀಲಿ. ಕೊಂಡಿ ಅಷ್ಟೊಂದು ಬಿಗೀಬೇಡ, ಕಾದ್ರೆ ಪೈಪು ಹಿಗ್ತದೆ. ಎಂಜಿನ್ ಓಡ್ವಾಗ ಜೋಡಣೆ ಹತ್ರ ಬೀಡಿ ಹಿಡಿ. ಹೊಗೆ ನೆಟ್ಟಗೆ ಎದ್ರೆ ಸರಿ, ಪಕ್ಕಕ್ಕೆ ತಳ್ಳಿದ್ರೆ ಸೋರ್ತಿದೆ ಅಂತ." ಹಳೆಯ ಪೈಪು ಬಿಚ್ಚುವಾಗಲೇ ಹಪ್ಪಳದ ಹಾಗೆ ಕೈಯಲ್ಲಿ ಪುಡಿಯಾಯಿತು. ಮದುವೆಗೆ ಬಂದ ಮಾವ ಹೊಸದನ್ನು ನೋಡಿ, "ಇದಪ್ಪಾ ಕೆಲ್ಸ ಅಂದ್ರೆ," ಎಂದು ನನ್ನ ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ಬಾವಿಗೆ ಇಳಿಯುವ ಹಾಗಿಲ್ಲದ ಮೇಲೆ ತಮ್ಮನಿಗೆ ಮನೆಯಲ್ಲಿ ಕೈಕಾಲು ಆಡಲಿಲ್ಲ. ಮಂಚೇನಹಳ್ಳಿಯ ಹತ್ತಿರ ಯಾರದೋ ತೋಟದ ಎಂಜಿನ್ ನೋಡಿಕೊಳ್ಳುವ ಸಂಬಳದ ಕೆಲಸ ಹಿಡಿದ. ಹೊರಡುವ ದಿನ ನನ್ನ ಹೆಂಡತಿ ಬುತ್ತಿ ಕಟ್ಟಿಕೊಟ್ಟು, ನಮ್ಮ ಜೊತೆ ಬಸ್ಸಿನವರೆಗೂ ಬಂದಳು. ಒಳ್ಳೆಯ ಮನಸ್ಸಿನಿಂದಲೇ ಅವನಿಗೆ ಬುದ್ಧಿ ಹೇಳಿದಳು. "ಅಲ್ಲಾದ್ರೂ ಜೋಪಾನವಾಗಿ ಕೆಲ್ಸ ಮಾಡಪ್ಪಾ. ಇಲ್ಲಿ ಮಾಡ್ಕೊಂಡಂಗೆ ಮಾಡ್ಕೋಬೇಡ."

"ಆಗ್ಲಿ ಅತ್ತಿಗೆ," ಅಂದ.

ನಾನು ಅವನ ಗಂಟನ್ನು ಬಸ್ಸಿನ ಮೇಲಕ್ಕೆ ಎತ್ತಿಕೊಟ್ಟೆ.