ಜೊತೆಗೆ ಒಬ್ಬರು ಮಾತ್ರ

ಹೊಟ್ಟೆಕಿಚ್ಚು ನನಗೆ ಹೊಸದೇನಲ್ಲ. ಆದರೆ ಸೂಜಿಯನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಸೂಜಿ ನನ್ನ ಶಾಲೆಯ ಗೆಳತಿ. ಆಗ ಕಡ್ಡಿಯ ಹಾಗಿದ್ದಳು, ಅದಕ್ಕೇ ಆ ಹೆಸರು. ಈಗ ಮೈ ತುಂಬಿಕೊಂಡಿದೆ, ಹೆಸರು ಮಾತ್ರ ಹಾಗೇ ಇದೆ. ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಒಂದು ಮಿಷನ್ನು, ಒಂದು ಕನ್ನಡಿ, ಪರದೆ ಎಳೆದರೆ ಒಬ್ಬರು ನಿಂತು ಬಟ್ಟೆ ಬದಲಿಸುವಷ್ಟು ಜಾಗ. ಗಂಡನಿಗೂ ಹೇಳದ್ದನ್ನು ಊರ ಹೆಂಗಸರು ಆ ಪರದೆಯ ಹಿಂದೆ ಅವಳಿಗೆ ಹೇಳುತ್ತಾರೆ. ಅಳತೆ ಹಿಡಿಯುವಾಗ ಅವಳ ತುಟಿಗಳ ನಡುವೆ ಗುಂಡುಸೂಜಿಗಳಿರುವುದರಿಂದ ತಿರುಗಿ ಏನೂ ಕೇಳುವುದಿಲ್ಲ, "ಹ್ಞೂಂ" ಅನ್ನುತ್ತಾಳೆ ಅಷ್ಟೆ. ಹೇಳುವವರಿಗೆ ಅಷ್ಟೇ ಸಾಕು.

ನಾನು ಊರಿಗೆ ಬಂದದ್ದು ತಂಗಿಯ ಹೆರಿಗೆಗೆ. ಅಮ್ಮ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ನಾನು. ನಾನು ಮದುವೆಯಾಗಿ ದೂರ ಹೋದ ಮೇಲೂ ಭಾನುವಾರ ಅವಳಿಗೆ ಫೋನ್ ಮಾಡುವುದನ್ನು ತಪ್ಪಿಸಿಲ್ಲ. "ಚೆನ್ನಾಗಿದ್ದೀನಿ ಅಕ್ಕ" ಅನ್ನುತ್ತಿದ್ದಳು. ಹೆರಿಗೆ ಕೋಣೆಗೆ ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ, ತನಗಂತೂ ರಕ್ತ ಕಂಡರೆ ತಲೆ ಸುತ್ತುತ್ತದೆ ಎಂದು ಅವಳ ಗಂಡ ಹೇಳಿದ್ದ. ಆ ಒಬ್ಬಳು ನಾನೇ ಎಂದು ಯಾರನ್ನೂ ಕೇಳದೆ ರಜೆ ಹಾಕಿ ಬಂದೆ.

ಬಂದ ದಿನವೇ ಎಡವಟ್ಟಾಯಿತು. ಆಸ್ಪತ್ರೆಯಲ್ಲಿ ಹಾಕಿಕೊಳ್ಳಲೆಂದು ನಾನು ತಂದ ಗೌನು ತಂಗಿಯ ತೋಳಿಗೇ ಏರಲಿಲ್ಲ. ಅವಳ ಮದುವೆಯ ಹೊತ್ತಿನ ಅಳತೆಯನ್ನೇ ತಲೆಯಲ್ಲಿಟ್ಟುಕೊಂಡು, ಹೊಟ್ಟೆಯ ಕಡೆ ಮಾತ್ರ ಅಗಲವಿರುವುದನ್ನು ಆರಿಸಿದ್ದೆ.

"ಬಿಡಕ್ಕ, ಸೂಜಕ್ಕ ಸರಿ ಮಾಡ್ತಾಳೆ" ಎಂದಳು ತಂಗಿ. ಸೂಜಕ್ಕನಂತೆ! ನನ್ನ ಮೈಯೆಲ್ಲ ಉರಿಯಿತು.

ಅಂಗಡಿಯಲ್ಲಿ ಸೂಜಿ ಗೌನನ್ನು ಒಳಮೈ ಹೊರಗೆ ಮಾಡಿ ನೋಡಿದಳು. "ಹೊಲಿಗೆ ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲೇ. ನಾನಾದ್ರೆ ಎರಡು ಬೆರಳು ಬಿಡ್ತೀನಿ. ಪರವಾಗಿಲ್ಲ, ಪಕ್ಕಕ್ಕೊಂದು ಪಟ್ಟಿ ಕೊಡೋಣ." ಆಮೇಲೆ ತಂಗಿಯ ಬೆನ್ನು ಸವರಿದಳು. "ಹೋದ ಸಲದ ಹಾಗಾಗ್ದೆ ಇಲ್ಲೀವರೆಗೆ ಬಂತಲ್ಲ, ಅದೇ ದೊಡ್ಡದು."

"ಯಾವ ಹೋದ ಸಲ?" ಎಂದೆ.

ಸೂಜಿ ತುಟಿ ಕಚ್ಚಿಕೊಂಡಳು. ತಂಗಿ ಕನ್ನಡಿಯ ಕಡೆ ತಿರುಗಿ ಹೇಳಿದಳು: "ಹೋದ ವರ್ಷ ಒಂದು ನಿಲ್ಲಲಿಲ್ಲ ಅಕ್ಕ. ನೀನು ಅಷ್ಟು ದೂರ ಇದ್ದೀಯ, ಸುಮ್ನೆ ಯಾಕೆ ಅಂತ..."

ಪಾಪ ಅನ್ನಿಸಬೇಕಿತ್ತು. ಅದಕ್ಕೂ ಮೊದಲು ಅನ್ನಿಸಿದ್ದು, ಇವಳಿಗೆ ಹೇಳಿದಳು, ನನಗೆ ಹೇಳಲಿಲ್ಲ ಎಂದು. ಮನೆಗೆ ಹೋಗುವವರೆಗೂ ಮುಖ ಊದಿಸಿಕೊಂಡೇ ಇದ್ದೆ.

ಎರಡು ದಿನ ಕಳೆದು ನೋವು ಶುರುವಾಯಿತು. ಆಸ್ಪತ್ರೆಗೆ ಸೂಜಿಯೂ ಅಂಗಡಿ ಮುಚ್ಚಿ ಬಂದಳು. ನರ್ಸ್ ಬಾಗಿಲು ತೆರೆದು, "ಜೊತೆಗೆ ಯಾರು ಬರ್ತೀರಿ? ಬೇಗ!" ಎಂದಳು.

"ನಾನು. ಸ್ವಂತ ಅಕ್ಕ." ಸ್ವಂತ ಎಂಬುದನ್ನು ಒತ್ತಿಯೇ ಹೇಳಿದೆ. ಸೂಜಿ ತಂಗಿಯ ಚೀಲವನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದಳು. ಹಾಗೆ ಸರಿದದ್ದಕ್ಕೂ ನನಗೆ ಸಿಟ್ಟೇ ಬಂತು.

ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಅಕ್ಕ, ಬೇಜಾರು ಮಾಡ್ಕೋಬೇಡ. ಸೂಜಕ್ಕ ಬರ್ಲಿ."

"ಯಾಕೆ, ನಾನಿಲ್ವಾ?"

"ನೀನಿದ್ರೆ ಚೆನ್ನಾಗಿದ್ದೀನಿ ಅಂತಾನೇ ಹೇಳ್ಬೇಕು ಅನ್ಸುತ್ತೆ. ಇವತ್ತು ನನ್ನ ಕೈಲಿ ಆಗಲ್ಲ."

ಬಾಗಿಲು ಮುಚ್ಚಿತು. ತಂಗಿಯ ಗಂಡ ಕುರ್ಚಿಯ ಧೂಳು ಒರೆಸಿ ನನ್ನನ್ನು ಕೂರಿಸಿದ. ಟೀ ತಂದ, ಬಿಸ್ಕತ್ತು ತಂದ, ಸಕ್ಕರೆ ಸಾಕಾ ಎಂದು ಕೇಳಿದ. ನೆಂಟರಿಗೆ ಮಾಡುವುದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ. ಒಳಗಿನಿಂದ ತಂಗಿ ಕೂಗಿಕೊಳ್ಳುವುದು ಕೇಳುತ್ತಿತ್ತು. ಅವಳು ಅಷ್ಟು ಜೋರಾಗಿ ಅತ್ತದ್ದನ್ನು ನಾನು ಅಮ್ಮ ಹೋದ ಮೇಲೆ ಕೇಳಿಯೇ ಇರಲಿಲ್ಲ.

ಮಧ್ಯಾಹ್ನ ಸೂಜಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಹೆಣ್ಣು. "ತಗೊಳೇ, ಮೊದಲು ನೀನೇ ಎತ್ಕೋಬೇಕಂತೆ. ಅವಳೇ ಹೇಳಿ ಕಳ್ಸಿದ್ಲು."

ಎತ್ತಿಕೊಂಡೆ. ಕಣ್ಣು ಮಾತ್ರ ಸೂಜಿಯ ಮುಂಗೈ ಬಿಟ್ಟು ಕದಲಲಿಲ್ಲ. ಅಲ್ಲಿ ಸಾಲಾಗಿ ಉಗುರು ಇಳಿದ ಗುರುತುಗಳು, ಒಂದರಲ್ಲಿ ಇನ್ನೂ ರಕ್ತ ಜಿನುಗುತ್ತಿತ್ತು.

"ಉರೀತಿದ್ಯಾ?" ಎಂದೆ.

"ಅಬ್ಬಾ, ಎಂಥ ಹಿಡಿತವೇ ನಿನ್ನ ತಂಗೀದು!" ಎಂದು ನಕ್ಕಳು.

ಮಗು ನನ್ನ ತೋಳಲ್ಲಿ ಬೆಚ್ಚಗಿತ್ತು. ನನಗೆ ಬೇಕಾಗಿದ್ದದ್ದು ಆ ಗಾಯ.